ಪೆಸಿಫಿಕ್‌ನಲ್ಲಿ ಖಾಲಿ ಜಾಗ

ನಾನು ಸಮುದ್ರ ನೋಡಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಮ್ಮೆ ತರಬೇತಿಗೆಂದು ಯಾದಗಿರಿಗೆ ಹೋದಾಗ ಪಕ್ಕದಲ್ಲಿ ಕೂತಿದ್ದ ಶಿಕ್ಷಕರೊಬ್ಬರು ಕೇಳಿದರು: "ಸಮುದ್ರನ ನೋಡಿಲ್ಲ ಅಂತೀರಿ, ಸಮುದ್ರದಾಗಿನ ಕಲ್ಲಿನ ಬಗ್ಗೆ ತಾಸುಗಟ್ಲೆ ಮಾತಾಡ್ತೀರಲ್ರಿ ಮೇಡಂ." ನಾನು ಹೇಳಿದೆ: "ನೀವು ಸೌರಮಂಡಲದ ಪಾಠ ಮಾಡ್ತೀರಲ್ರಿ ಸರ್, ಶನಿ ಗ್ರಹಕ್ಕ ಯಾವಾಗ ಹೋಗಿ ಬಂದ್ರಿ?" ಊಟದ ಹೊತ್ತಿನವರೆಗೆ ಅವರು ನನ್ನ ಜೊತೆ ಮಾತಾಡಲಿಲ್ಲ.

ನಾನು ಸುರಪುರದವಳು. ಮನೆಯೊಳಗೆ ದಖ್ಖನಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ, ಹೀಗೆ ಬೆಳೆದವಳು. ದೇವಾಪುರದ ಆಚೆಗಿನ ಒಂದು ಊರಿನ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಊರಿನ ಹೆಸರು ಬೇಡ. ಅಲ್ಲಿಯ ಜನ ಒಳ್ಳೆಯವರು, ಸುಮ್ಮನೆ ಅವರಿಗೇಕೆ ಮುಜುಗರ. ನನಗೆ ಹುಚ್ಚು ಹಿಡಿಸಿದ್ದು ತೆಂಗಿನ ಮರ, ಹೋಟೆಲು ಇರುವ ದ್ವೀಪಗಳಲ್ಲ, ಯಾರೂ ಇಲ್ಲದ ಬಂಡೆಗಳು. ಸುತ್ತ ನೂರಾರು ಮೈಲಿ ನೀರು, ನಡುವೆ ಒಂದು ಕಲ್ಲು. ಕುಡಿಯಲು ಹನಿ ನೀರಿಲ್ಲ, ದೋಣಿ ಹಚ್ಚಲು ದಡವಿಲ್ಲ, ಹಕ್ಕಿಗಳನ್ನು ಬಿಟ್ಟರೆ ಜೀವವಿಲ್ಲ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತಲೆ ಎತ್ತುವ ಹವಳದ ದಿಬ್ಬಗಳೂ ಇವೆ. ಅವುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಮಕ್ಕಳಿಗೆ ಹೇಳಿದ್ದೇನೆ, ಅದಕ್ಕಾಗಿ ಬೈಸಿಕೊಂಡಿದ್ದೇನೆ.

ಈ ಹುಚ್ಚು ಅಪ್ಪನಿಂದ, ನಮ್ಮ ಅಬ್ಬಾನಿಂದ ಬಂತು, ಅವರಿಗೇ ಗೊತ್ತಿಲ್ಲದ ಹಾಗೆ. ಅಬ್ಬಾ ಪೇಂಟರ್. ಅಂಗಡಿಯ ಬೋರ್ಡು, ಟ್ರ್ಯಾಕ್ಟರ್ ಟ್ರಾಲಿ, ಗಾಡಿಯ ನಂಬರು, ಜೊತೆಗೆ ಶಾಲೆಯ ಗೋಡೆಗಳ ಮೇಲೆ ಪ್ರಪಂಚದ ನಕಾಶೆ. ಶಹಾಪುರದಿಂದ ಕಕ್ಕೇರಾದವರೆಗೆ ಎಷ್ಟು ಶಾಲೆಗಳಲ್ಲಿ ಪ್ರಪಂಚ ಬರೆದಿದ್ದಾರೋ ಅವರಿಗೇ ನೆನಪಿಲ್ಲ. ಅವರ ಕೆಲಸದ ರೀತಿ ಹೀಗಿತ್ತು. ಶಾಲೆಯಲ್ಲಿರುವ ಬಟ್ಟೆಯ ನಕಾಶೆ ಇಳಿಸಿ ಅದರ ಮೇಲೆ ಪೆನ್ಸಿಲ್ಲಿನಿಂದ ಚೌಕ ಹಾಕುವುದು. ನೀಲಿ ಪುಡಿಯಲ್ಲಿ ಅದ್ದಿದ ದಾರವನ್ನು ಗೋಡೆಗೆ ಬಿಗಿಹಿಡಿದು ಚಟ್ಟನೆ ಬಿಟ್ಟು, ಅಷ್ಟೇ ಚೌಕಗಳನ್ನು ದೊಡ್ಡದಾಗಿ ಮೂಡಿಸುವುದು. ಆಮೇಲೆ ಚೌಕದಿಂದ ಚೌಕಕ್ಕೆ ದೇಶಗಳನ್ನು ಸಾಗಿಸುವುದು.

ತೊಂದರೆ ಇದ್ದದ್ದು ಮಾದರಿಯಲ್ಲಿ. ಆ ಬಟ್ಟೆಯ ನಕಾಶೆಗಳು ವರ್ಷಗಟ್ಟಲೆ ಬೆಲ್ಲ, ಬೇಳೆ ಇಡುವ ಕೋಣೆಯಲ್ಲಿ ತೂಗಿರುತ್ತಿದ್ದವು. ಸಮುದ್ರದ ತುಂಬ ನೊಣದ ಹಿಕ್ಕೆ. ಯಾವುದು ನೊಣ, ಯಾವುದು ದ್ವೀಪ? ಅಬ್ಬಾ ಬೆರಳಿಗೆ ಉಗುಳು ಹಚ್ಚಿ ಉಗುರಿನಿಂದ ಕೆರೆಯುತ್ತಿದ್ದರು. ಎದ್ದು ಬಂದರೆ ನೊಣ, ಬಾರದಿದ್ದರೆ ದ್ವೀಪ. ಹಳೆಯ ನಕಾಶೆಯಲ್ಲಿ ಅಚ್ಚಿನ ಮಸಿಯೂ ಎದ್ದು ಬರುತ್ತದೆ, ಒಣಗಿ ಕಲ್ಲಾದ ಹಿಕ್ಕೆ ಎಷ್ಟು ಕೆರೆದರೂ ಬರುವುದಿಲ್ಲ ಎಂಬುದು ಅವರ ತಲೆಗೆ ಹೋಗಲೇ ಇಲ್ಲ.

ನಾನು ಎಂಟನೆಯ ತರಗತಿಯಲ್ಲಿದ್ದೆ. ರಜೆಯಲ್ಲಿ ಅಬ್ಬಾನ ಜೊತೆ ಶಹಾಪುರದ ಕಡೆಯ ಒಂದು ಶಾಲೆಗೆ ಬುತ್ತಿ ಹೊತ್ತುಕೊಂಡು ಹೋಗಿದ್ದೆ. ರದ್ದಿ ಅಂಗಡಿಯಲ್ಲಿ ಸಿಕ್ಕ, ರಟ್ಟು ಕಿತ್ತುಹೋದ ಅಟ್ಲಾಸ್ ಒಂದು ನನ್ನ ಹತ್ತಿರ ಇತ್ತು. ಗೋಡೆಗೂ ಅಟ್ಲಾಸಿಗೂ ಹೋಲಿಸಿ ನೋಡುತ್ತ ಕೂತವಳಿಗೆ ಶ್ರೀಲಂಕಾದ ಕೆಳಗೆ ಮೂರು ದ್ವೀಪ ಕಂಡವು. ಅಟ್ಲಾಸಿನಲ್ಲಿ ಅಲ್ಲಿ ಬರೀ ನೀರು. ಬ್ರಿಟನ್ನಿನ ಪಶ್ಚಿಮಕ್ಕೆ ಅಟ್ಲಾಂಟಿಕ್‌ನಲ್ಲಿ ಒಂದು ಚುಕ್ಕೆ ಅಟ್ಲಾಸಿನಲ್ಲಿತ್ತು, ಗೋಡೆಯಲ್ಲಿ ಇರಲಿಲ್ಲ. ಅಬ್ಬಾನಿಗೆ ತೋರಿಸಿದೆ. ಅವರು ಏಣಿಯ ಮೇಲಿಂದಲೇ ನಕ್ಕರು.

"ಕೋನ್ ಜಾಕೆ ದೇಖ್ತಾ ಬೇಟಾ?" ಅಂದರು. ಯಾರು ಹೋಗಿ ನೋಡುತ್ತಾರೆ ಅಂತ.

ಆ ಮಾತಿಗೆ ಆವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಯಾರೂ ಹೋಗಿ ನೋಡುವುದಿಲ್ಲ ಎಂದ ಮಾತ್ರಕ್ಕೆ ಇರುವುದನ್ನು ಅಳಿಸಬಹುದೇ? ಆ ಚುಕ್ಕೆಯ ಹೆಸರು ರಾಕಾಲ್ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಹಿಡಿಯಿತು. ನಮ್ಮ ಓಣಿಯ ಮೂರು ಮನೆ ಜೋಡಿಸಿದಷ್ಟೂ ಅಗಲವಿಲ್ಲದ ಗ್ರಾನೈಟ್ ಬಂಡೆ ಅದು, ನಮ್ಮ ಸುರಪುರದ ಗುಡ್ಡದ ಕಲ್ಲಿನ ಜಾತಿಯದೇ. ಅದರ ಮೇಲೆ ಹೆಲಿಕಾಪ್ಟರಿನಿಂದ ಇಳಿದು ಬಾವುಟ ಊರಿದವರಿದ್ದಾರೆ. ಒಬ್ಬ ಮಾಜಿ ಸೈನಿಕ ಪೆಟ್ಟಿಗೆಯಂಥ ಗೂಡನ್ನು ಬಂಡೆಗೆ ಬಿಗಿದುಕೊಂಡು ಅದರೊಳಗೆ ನಲವತ್ತು ದಿನ ಕೂತ. ಅಷ್ಟು ದೊಡ್ಡ ದೇಶಕ್ಕೆ ಅಷ್ಟು ಸಣ್ಣ ಕಲ್ಲು ಬೇಕಾಗಿತ್ತು, ಅಬ್ಬಾನ ಉಗುರಿಗೆ ಬೇಡವಾಗಿತ್ತು.

ಅಬ್ಬಾನೊಬ್ಬರನ್ನೇ ಬೈದರೆ ನ್ಯಾಯವಲ್ಲ. ದೊಡ್ಡ ದೊಡ್ಡ ನೌಕಾಪಡೆಗಳೂ ಇದನ್ನೇ ಮಾಡಿವೆ. ಆಸ್ಟ್ರೇಲಿಯಾದ ಆಚೆ ಹವಳ ಸಮುದ್ರದಲ್ಲಿ ಒಂದು ದ್ವೀಪ ನೂರು ವರ್ಷಕ್ಕೂ ಹೆಚ್ಚು ಕಾಲ ನಕ್ಷೆಗಳಲ್ಲಿತ್ತು. ಕೆಲವು ವರ್ಷಗಳ ಹಿಂದೆ ವಿಜ್ಞಾನಿಗಳ ಹಡಗು ಅಲ್ಲಿಗೇ ಹೋಗಿ ನೋಡಿದರೆ ಆಳವಾದ ನೀರು. ಯಾರೋ ಒಬ್ಬ ನಾವಿಕ ಏನನ್ನೋ ಕಂಡು ಬರೆದ, ಉಳಿದವರೆಲ್ಲ ನೋಡಿ ಬರೆದರು. ಹಕ್ಕಿಯ ಹಿಕ್ಕೆ ಒಳ್ಳೆಯ ಗೊಬ್ಬರವೆಂದು ಗೊತ್ತಾದಾಗ ಅಮೆರಿಕದವರು ಕಾನೂನು ಮಾಡಿ, ಹಿಕ್ಕೆ ಇರುವ ಖಾಲಿ ದ್ವೀಪಗಳನ್ನೆಲ್ಲ ತಮ್ಮವೆಂದು ಹೇಳಿಕೊಂಡರು. ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿ ತರುಬಿಸುವ ನಮ್ಮ ಊರಿನವರಿಗೆ ಇದನ್ನು ಹೇಳಿದರೆ ಬೇಗ ಅರ್ಥವಾಗುತ್ತದೆ.

ನನಗೆ ಅರ್ಥವಾಗದ್ದು, ಅಥವಾ ಅರ್ಥವಾಗಿ ಮೈ ಉರಿಸಿದ್ದು, ಸಮುದ್ರದ ಕಾನೂನಿನ ಒಂದು ಮಾತು. ಮನುಷ್ಯರು ಬದುಕಲಾಗದ, ತನ್ನದೇ ಆದ ಆರ್ಥಿಕ ಜೀವನವಿಲ್ಲದ ಬಂಡೆಗೆ ಸುತ್ತಲ ಹನ್ನೆರಡು ಮೈಲಿ ಬಿಟ್ಟರೆ ಬೇರೆ ಹಕ್ಕಿಲ್ಲ. ಜನ ಇರಬಲ್ಲ ದ್ವೀಪವಾದರೆ ಇನ್ನೂರು ಮೈಲಿ. ಜಪಾನಿನವರು ಮಂಚದಷ್ಟು ಅಗಲದ ಎರಡು ಕಲ್ಲು ಮುಳುಗಿಹೋಗದಂತೆ ಸುತ್ತ ಸಿಮೆಂಟು ಸುರಿದು, ಅದು ದ್ವೀಪವೇ ಎಂದು ಇವತ್ತಿಗೂ ವಾದಿಸುತ್ತಾರೆ. ನಾನು ಆ ಕಲ್ಲುಗಳ ಪರ. ಯಾಕೆಂದರೆ ಈ ಅಳತೆಗೋಲು ನನಗೆ ಹೊಸದಲ್ಲ. ನಮ್ಮ ಜಿಲ್ಲೆಯ ಹೆಸರು ಪತ್ರಿಕೆಯಲ್ಲಿ ಬಂದರೆ ಮುಂದೆ ಹಿಂದುಳಿದ ಎಂಬ ಪದ ಇದ್ದೇ ಇರುತ್ತದೆ. ಬೇರೆ ಕಡೆಯ ನೌಕರರನ್ನು ಹೆದರಿಸಬೇಕಾದರೆ "ಸುರಪುರಕ್ಕೆ ಹಾಕಿಸ್ತೀನಿ" ಅನ್ನುವವರನ್ನು ಬಲ್ಲೆ. ಅವರ ಶಿಕ್ಷೆಯೊಳಗೆ ನಾನು ಹುಟ್ಟಿ, ಓದಿ, ನೌಕರಿ ಹಿಡಿದಿದ್ದೇನೆ. ಅಲ್ಲಿ ಏನೂ ಇಲ್ಲ ಅನ್ನುವ ಮಾತನ್ನು ನಾನು ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ.

ಈಗ ನಮ್ಮ ಶಾಲೆಯ ಗೋಡೆಗೆ ಬರುತ್ತೇನೆ. ಫ್ಲೆಕ್ಸ್ ಬಂದ ಮೇಲೆ ಅಬ್ಬಾನ ಕೆಲಸ ಟ್ರಾಲಿಗಳಿಗೆ ಇಳಿದಿತ್ತು. ಕೈಯಿಂದ ಅಕ್ಷರ ಬರೆಯುವವರು ಸುತ್ತಮುತ್ತ ಅವರೊಬ್ಬರೇ ಉಳಿದಿದ್ದರು. ಶಾಲೆಯ ಉದ್ದನೆಯ ಗೋಡೆಗೆ ಹೊಸ ಗಿಲಾವು ಆದಾಗ ನಾನು ಹಟ ಹಿಡಿದು ಅವರನ್ನು ಕರೆಸಿದೆ. ಮಾದರಿಗೆ ಹೊಸ ಅಟ್ಲಾಸ್ ನಾನೇ ಕೊಟ್ಟೆ, ಉಗುರು ಹಚ್ಚುವ ಹಾಗಿಲ್ಲ ಅಂದೆ. ಖಂಡಗಳು ಮುಗಿದು, ಪೆಸಿಫಿಕ್‌ಗೆ ನೀಲಿ ಬಳಿದ ಮೇಲೆ ಸಣ್ಣ ಕುಂಚ ಹಿಡಿದು ಬಂಡೆಗಳನ್ನು ನಾನೇ ಇಟ್ಟೆ. ಹದಿನೇಳು ಚುಕ್ಕೆ. ಒಂದೊಂದರ ಕಥೆಯನ್ನೂ ತರಗತಿಯಲ್ಲಿ ಹೇಳಿದೆ. ಆಸ್ಟ್ರೇಲಿಯಾದ ಪೂರ್ವಕ್ಕೆ ಗೋಪುರದ ಹಾಗೆ ನಿಂತ ಬಂಡೆಯೊಂದಿದೆ. ಪ್ರಪಂಚದಿಂದಲೇ ಅಳಿದುಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಗೇಣುದ್ದದ ಒಂದು ಹುಳು ಆ ಬಂಡೆಯ ಒಂದೇ ಪೊದೆಯ ಬುಡದಲ್ಲಿ ಬದುಕಿಕೊಂಡಿತ್ತು. ಮೆಕ್ಸಿಕೋದ ಆಚೆ ಕ್ಲಿಪ್ಪರ್ಟನ್ ಎಂಬ ಹವಳದ ಉಂಗುರವಿದೆ. ಅಲ್ಲಿ ಸೈನಿಕರ ಕುಟುಂಬಗಳನ್ನು ಇಳಿಸಿ ಸರ್ಕಾರ ಮರೆತುಬಿಟ್ಟಿತು. ಗಂಡಸರೆಲ್ಲ ಸತ್ತು, ಉಳಿದ ಒಬ್ಬ ತಾನೇ ರಾಜನೆಂದು ಹೆಂಗಸರನ್ನು ಹಿಂಸಿಸಿದ. ಅವರಲ್ಲೊಬ್ಬಳು ಸುತ್ತಿಗೆ ಎತ್ತಿ ಅವನ ಕಥೆ ಮುಗಿಸಿದಳು. ಈ ಪಾಠವಾದ ದಿನ ಎಂಟನೆಯ ತರಗತಿಯ ಹುಡುಗಿಯರು ಮನೆಗೆ ಹೋಗುವಾಗ ಬಹಳ ಗಟ್ಟಿಯಾಗಿ ಮಾತಾಡಿಕೊಂಡು ಹೋದರು.

ನಮ್ಮ ಕಡೆ ಒಂದು ಪದ್ಧತಿ ಇದೆ. ಶಾಲೆಗೆ ಫ್ಯಾನ್ ಕೊಟ್ಟರೆ ಫ್ಯಾನಿನ ರೆಕ್ಕೆಯ ಮೇಲೆ ಹೆಸರು, ಗಡಿಯಾರ ಕೊಟ್ಟರೆ ಮುಳ್ಳಿನ ಹಿಂದೆ ಹೆಸರು, ಗೋಡೆಗೆ ಬಣ್ಣ ಕೊಟ್ಟರೆ ಪೆಸಿಫಿಕ್ ಸಾಗರದಲ್ಲಿ ಹೆಸರು. ನಕಾಶೆಯಲ್ಲಿ ಅಷ್ಟು ದೊಡ್ಡ ಜಾಗ ಬೇರೆಲ್ಲೂ ಇಲ್ಲ ನೋಡಿ. ಕೆಂಪು ಅಕ್ಷರ, ಹಳದಿ ನೆರಳು. ನಮ್ಮ ತಾಲ್ಲೂಕಿನ ಅರ್ಧ ಮುಖಂಡರು ಪೆಸಿಫಿಕ್‌ನಲ್ಲೇ ವಾಸವಾಗಿದ್ದಾರೆ. ಹೆಚ್ಚಿನವರನ್ನು ಅಲ್ಲಿಗೆ ಕಳಿಸಿದವರು ಅಬ್ಬಾನೇ.

ನಮ್ಮ ಗೋಡೆಗೆ ಬಣ್ಣ ಕೊಟ್ಟವರು ಶಾಲಾ ಸಮಿತಿಯ ಅಧ್ಯಕ್ಷರು. ಕೆಟ್ಟವರಲ್ಲ. ಹುಡುಗಿಯರ ಶೌಚಾಲಯಕ್ಕೆ ನೀರು ಬಂದದ್ದು ಅವರು ಓಡಾಡಿದ್ದರಿಂದ. ಹನ್ನೊಂದು ಹೆಸರಿನ ಪಟ್ಟಿ ಹಿಡಿದು ಒಂದು ಮಧ್ಯಾಹ್ನ ಬಂದರು.

"ಹೆಸರು ಬರಸ್ರಿ ಮೇಡಂ ಇನ್ನ. ಜಾಗ ಖಾಲಿನ ಅದ."

"ಖಾಲಿ ಇಲ್ರಿ," ಅಂದೆ.

ಅವರು ಗೋಡೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. "ಈ ಚುಕ್ಕಿ ಏನ್ರಿ ಮತ್ತ?"

"ಕಲ್ಲುರಿ. ಸಮುದ್ರದಾಗಿನ ಕಲ್ಲು."

"ಅಲ್ಲಿ ಜನ ಅದಾರೇನ್ರಿ?"

"ಇಲ್ರಿ."

"ಕುಡ್ಯಾಕ ನೀರು?"

"ಇಲ್ರಿ."

"ಬೆಳಿ?"

"ಅದೂ ಇಲ್ಲ."

"ಮತ್ತ ಖಾಲಿ ಅಂದ್ರ ಏನ್ರಿ ಮೇಡಂ?"

ಅವರು ಕೇಳಿದ್ದು ಕಾನೂನು ಕೇಳಿದ ಪ್ರಶ್ನೆಯನ್ನೇ. ಕಾನೂನು ಓದದೆಯೇ ಕೇಳಿದರು. ನಾನು ಬಾಗಿಲಿನ ಎರಡೂ ಬದಿ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ. "ಎಲ್ಲಾ ಸಾಲ್ಯಾಗ ಸಮುದ್ರದಾಗ ಬರೀತಾರ. ನಮ್ಮ ಸಾಲ್ಯಾಗ ಅಷ್ಟ ಬಾಗಿಲದಾಗ ಬರದ್ರ ಮಂದಿ ಏನಂದಾರು?" ಹೆಡ್‌ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು, "ಪಾಠ ಮಾಡ್ರಿ ಮೇಡಂ ನೀವು. ಸಮುದ್ರದ ಉಸಾಬರಿ ನಿಮಗ್ಯಾಕ?" ಎಂದರು. ನಾನು ಸಾಧ್ಯವಿಲ್ಲ ಎಂದೆ. ಅಧ್ಯಕ್ಷರು ಪಟ್ಟಿಯನ್ನು ಅಬ್ಬಾನ ಕೈಗೆ ಕೊಟ್ಟು ಬರೆಯಲು ಹೇಳಿದರು. ಅಬ್ಬಾ ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡರು.

ಮಾರನೆಯ ದಿನ ಎರಡನೆಯ ಪಿರಿಯಡ್ ಮುಗಿಸಿ ಹೊರಗೆ ಬಂದರೆ ಅಬ್ಬಾ ಏಣಿ ಹಾಕಿದ್ದರು. ಹೊಸದಾಗಿ ಒಂದು ಕೈ ನೀಲಿ ಬಳಿದು ಅರ್ಧದಷ್ಟು ಚುಕ್ಕೆಗಳನ್ನು ಮುಚ್ಚಿದ್ದರು. ಕೆಂಪು ಡಬ್ಬಿ ತೆರೆದಿತ್ತು.

"ನಕ್ಕೊ ಬೇಟಾ," ಅಂದರು ನಾನು ಬಾಯಿ ತೆರೆಯುವ ಮೊದಲೇ. ಜಗಳ ಬೇಡ, ಇವರ ಜೊತೆ ನೀನು ದಿನಾ ಇರಬೇಕು, ನಮ್ಮದೇನು ಹೋಗುತ್ತದೆ, ಬರೆದುಬಿಡುತ್ತೇನೆ ಅಂದರು. ನಮ್ಮದೇನು ಹೋಗುತ್ತದೆ ಎಂಬ ಮಾತು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಬಾಡಿಗೆಯ ಮನೆ ಬಿಡುವಾಗ ಕೇಳಿದ್ದೆ, ಸರತಿಯಲ್ಲಿ ಯಾರೋ ಮುಂದೆ ನುಗ್ಗಿದಾಗ ಕೇಳಿದ್ದೆ. ಆವತ್ತು ನನ್ನ ಬಾಯಿಂದ ಹಿಂದೆಂದೂ ಬಾರದ ಮಾತು ಬಂತು. "ಇಷ್ಟು ವರ್ಷ ನೀವು ಇದನ್ನೇ ಮಾಡಿದ್ದೀರಿ ಅಬ್ಬಾ. ಇರುವುದನ್ನೆಲ್ಲ ಇಲ್ಲ ಮಾಡಿದ್ದೀರಿ," ಎಂದೆ, ದಖ್ಖನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ.

ಅಬ್ಬಾ ಏಣಿಯ ಮೇಲಿಂದ ನನ್ನನ್ನು ನೋಡಿದರು. "ಆ ಹೆಸರುಗಳೇ ನಿನ್ನ ಓದಿಸಿದವು," ಅಂದರು. ಅದು ನಿಜವಾಗಿತ್ತು. ನಿಜವಾಗಿದ್ದರಿಂದ ಇನ್ನೂ ಸಿಟ್ಟು ಬಂತು.

ಅವರು ಕುಂಚ ಅದ್ದಿದರು. ನಾನು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. ಪೆಸಿಫಿಕ್‌ನ ನಟ್ಟನಡುವೆ. ಬಣ್ಣ ಹಸಿಯಾಗಿತ್ತು, ಸೀರೆಯ ಬೆನ್ನು ತಣ್ಣಗಾಯಿತು. ತರಗತಿಗಳ ಕಿಟಕಿಗಳಲ್ಲಿ ಮುಖಗಳು ತುಂಬಿಕೊಂಡವು. ಹೆಡ್‌ಮಾಸ್ತರರು ಬಂದರು, ಅಧ್ಯಕ್ಷರನ್ನು ಯಾರೋ ಹೊಲದಿಂದ ಬೈಕಿನಲ್ಲಿ ಕರೆತಂದರು.

"ಯಾರೂ ಇರದ ಕಲ್ಲಿಗಿ ಇಷ್ಟ್ಯಾಕ ಜಿದ್ದು ಮಾಡಾಕತ್ತೀರಿ ಮೇಡಂ?" ಅಧ್ಯಕ್ಷರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು.

"ಯಾರೂ ಇಲ್ಲ ಅಂದ್ರ ಅದು ಇಲ್ಲ ಅಂತಲ್ರಿ," ಅಂದೆ. ಹಿಂದಿನ ದಿನ ಅವರು ಕೇಳಿದ್ದಕ್ಕೆ ಉತ್ತರ ಆಗ ಬಂತು. "ನಾಳೆ ಯಾರಾದರೂ ನಮ್ಮೂರಿನ ಮ್ಯಾಲೂ ಹಿಂಗ ಹೆಸರು ಬರದಾರು. ಅಲ್ಲಿ ಏನೂ ಇಲ್ಲ ಬಿಡು ಅಂತ."

ಮಕ್ಕಳು ನೀರು ಕುಡಿಯುವ ಗಂಟೆಯಿಂದ ಊಟದ ಗಂಟೆಯವರೆಗೆ ನಿಂತೆ. ಕಾಲು ಸೋತವು, ನಾಚಿಕೆಯೂ ಆಯಿತು, ಆದರೆ ಸರಿಯಲಿಲ್ಲ. ಕೊನೆಗೆ ಅಧ್ಯಕ್ಷರು ಟವೆಲ್ಲು ಕೊಡವಿ ಹೊರಟುಹೋದರು. ಅಬ್ಬಾ ಇಳಿದು, ಕುಂಚ ತೊಳೆದು, ನನ್ನ ಕಡೆ ನೋಡದೆ ಸೈಕಲ್ ಹತ್ತಿದರು. ಆ ಸಂಜೆ ಮುಚ್ಚಿದ ಚುಕ್ಕೆಗಳನ್ನು ನಾನು ಮತ್ತೆ ಇಟ್ಟೆ. ಮನೆಯಲ್ಲಿ ಅಬ್ಬಾ ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು.

ಆಮೇಲೆ ಶಿಕ್ಷಣ ಇಲಾಖೆಯ ಆದೇಶ ಬಂತು. ಕಕ್ಕೇರಾದ ಆಚೆ ಕೃಷ್ಣಾ ನದಿಯ ನಡುವೆ ಒಂದು ನಡುಗಡ್ಡೆ ಇದೆ, ಅಲ್ಲಿಯ ಒಂದು ಕೋಣೆಯ ಶಾಲೆಗೆ ನನ್ನ ನಿಯೋಜನೆ. ಬೇಸಿಗೆಯಲ್ಲಿ ಕಲ್ಲು ಹಿಡಿದು ದಾಟಬಹುದು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ದಾರಿ ಬಂದ್. ಆಗ ಅಲ್ಲಿಯವರು ಒಣ ಸೋರೆಬುರುಡೆ ಕಟ್ಟಿಕೊಂಡು ಈಜಿ ಬರುವುದನ್ನು ಕೇಳಿದ್ದೆ. ಕೆಲವೇ ಮನೆಗಳು. ಆದೇಶ ಹೊರಡಿಸಿದವರು ಫೋನಿನಲ್ಲಿ ನಗುತ್ತಲೇ ಹೇಳಿದರು: "ದ್ವೀಪ ಅಂದ್ರ ನಿಮಗ ಭಾಳ ಪ್ರೀತಿ ಅಂತಲ್ರಿ ಮೇಡಂ. ಒಂದು ದ್ವೀಪಾನ ಕೊಟ್ಟೀವಿ ನೋಡ್ರಿ."

ಹೆಡ್‌ಮಾಸ್ತರರು ನಿಜವಾಗಿ ನೊಂದುಕೊಂಡಿದ್ದರು. ಒಂದು ಬಿಳಿ ಹಾಳೆ ನನ್ನ ಮುಂದಿಟ್ಟರು. ನನ್ನಿಂದ ತಪ್ಪಾಯಿತು, ಹೆಸರು ಬರೆಸಲು ನನ್ನ ಅಡ್ಡಿಯಿಲ್ಲ ಎಂದು ಎರಡು ಸಾಲು ಬರೆದರೆ ಅಧ್ಯಕ್ಷರೇ ಹೋಗಿ ಆದೇಶ ರದ್ದು ಮಾಡಿಸುತ್ತಾರೆ ಎಂದರು. "ಅಲ್ಲಿ ಏನೂ ಇಲ್ರಿ ಮೇಡಂ. ಹ್ಯಾಂಗ ಇರ್ತೀರಿ?" ಪೆನ್ನನ್ನೂ ಅವರೇ ಕೊಟ್ಟರು. ನಾನು ಪೆನ್ನು ತೆಗೆದುಕೊಂಡೆ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ನನಗೆ ಈಜು ಬಾರದು. ನಾನು ಹೋದ ಮೇಲೆ ಆ ಗೋಡೆಯ ಮೇಲೆ ಹೆಸರು ಬರೆದೇ ಬರೆಯುತ್ತಾರೆ ಎಂಬುದೂ ಗೊತ್ತಿತ್ತು. ಆದರೂ ಹಾಳೆಯನ್ನು ಹಾಗೇ ತಿರುಗಿ ಅವರ ಕಡೆ ಸರಿಸಿದೆ.

ಮನೆಗೆ ಬಂದಾಗ ಸಂಜೆಯ ನಮಾಜು ಮುಗಿಸಿ ಅಬ್ಬಾ ಬಾಗಿಲಲ್ಲಿ ಕೂತಿದ್ದರು. ಆದೇಶದ ವಿಷಯ ಹೇಳಿದೆ, ಹಾಳೆಯ ವಿಷಯವನ್ನೂ ಹೇಳಿದೆ. ಬೈಗುಳಕ್ಕೆ ತಯಾರಾಗಿ ನಿಂತೆ.

"ಮಧ್ಯಾಹ್ನ ಅಧ್ಯಕ್ಷರು ಇಲ್ಲಿಗೆ ಬಂದಿದ್ದರು," ಅಂದರು ಅಬ್ಬಾ, ದಖ್ಖನಿಯಲ್ಲಿ. "ನಿನ್ನ ಮಗಳು ಹೋಗ್ತಾಳೆ, ನೀನು ಬಂದು ಬರೆ ಅಂದರು. ಕೈ ನಡುಗುತ್ತದೆ, ಇನ್ನು ಅಕ್ಷರ ಕೂರುವುದಿಲ್ಲ ಅಂದೆ."

ಅಂಗಳದಲ್ಲಿ ಒಂದು ಟ್ರಾಲಿ ನಿಂತಿತ್ತು. ಅದರ ಹಿಂಬದಿಯ ಹಲಗೆಯ ಮೇಲೆ ಆವತ್ತಷ್ಟೇ ಬರೆದ ಅಕ್ಷರಗಳು ಇನ್ನೂ ಒಣಗಿರಲಿಲ್ಲ. ಒಂದು ಗೆರೆಯೂ ಅಲ್ಲಾಡಿರಲಿಲ್ಲ.

ನಾನು ಅದನ್ನು ನೋಡಿದ್ದನ್ನು ಅಬ್ಬಾ ನೋಡಿದರು. ಎದ್ದು ಒಳಗೆ ಹೋಗಿ ಕುಂಚಗಳ ಚೀಲ ತಂದು ನನ್ನ ಮುಂದಿಟ್ಟರು.

"ವಹಾಂ ದೀವಾರ್ ಹೈ ಕ್ಯಾ?" ಎಂದು ಕೇಳಿದರು. ಅಲ್ಲಿ ಗೋಡೆ ಇದೆಯಾ ಅಂತ.

ಇದೆ ಅಬ್ಬಾ, ಅಂದೆ.